ಗೆದ್ದವರ ಮಾತು, ಸೋತವರ ಮೌನ

ಇಳಕಲ್ಲಿನಿಂದ ಹುನಗುಂದ, ಅಮೀನಗಡಗಳ ಮಾರ್ಗವಾಗಿ ಐಹೊಳೆಯನ್ನು ತಲುಪಿದ ಪ್ರವಾಸಿಗರು ಸಾಮಾನ್ಯವಾಗಿ ದುರ್ಗದ ಗುಡಿ, ಲಾಡಖಾನ್ ಗುಡಿಗಳನ್ನು ನೋಡಿ ಹಿಂದಿರುಗುತ್ತಾರೆ. ಊರ ಪಕ್ಕದ ಗುಡ್ಡವನ್ನೇರಿ ಮೇಗುತಿಯವರೆಗೆ ಹೋಗುವವರು ಕೆಲವರು ಮಾತ್ರ. ‘ಮೇಲಿನ ಗುಡಿ’ ಎಂಬುದೇ ಜನರ ಬಾಯಲ್ಲಿ ಮೇಗುಡಿಯಾಗಿ, ಮೇಗುತಿಯಾಗಿ ನಿಂತಿತೆಂದು ಹೇಳುವರು. ಆ ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ ಒಂದು ಶಾಸನವಿದೆ. ಹತ್ತೊಂಬತ್ತು ಸಾಲುಗಳಲ್ಲಿ ಮೂವತ್ತೇಳು ಸಂಸ್ಕೃತ ಪದ್ಯಗಳು. ಲಿಪಿ ನಮ್ಮ ಹಳೆಯ ಕನ್ನಡ ಲಿಪಿ. ಅದನ್ನು ರಚಿಸಿದವನು ರವಿಕೀರ್ತಿ. ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ತಾನೇ ನಿಲ್ಲಿಸಿಕೊಂಡ ಈ ಕವಿಗೆ ಸಂಕೋಚವೆಂಬುದು ಹೆಚ್ಚಾಗಿ ಇದ್ದಂತೆ ತೋರುವುದಿಲ್ಲ. ಕಾಲವನ್ನು ಹೇಳುವಾಗಲೂ ಅವನು ಯುದ್ಧವೊಂದನ್ನೇ ಮೊದಲು ನೆನೆಯುತ್ತಾನೆ: ಭಾರತ ಯುದ್ಧ ಮುಗಿದು 3735 ವರ್ಷಗಳು ಕಳೆದಿವೆ, ಶಕರಾಜರ ಕಾಲದಲ್ಲಿ 556 ವರ್ಷಗಳು ಸಂದಿವೆ ಎನ್ನುತ್ತಾನೆ. ಅಂದರೆ ಕ್ರಿ.ಶ. 634-35.

ಹಲವು ವರ್ಷಗಳ ಹಿಂದೆ ನಾನು ಪ್ರೌಢಶಾಲೆಯ ವಿದ್ಯಾರ್ಥಿಗಳೊಂದಿಗೆ ಆ ಗುಡ್ಡವನ್ನೇರಿದ್ದೆ. ಅಮೀನಗಡದಲ್ಲಿ ಕೊಂಡ ಕರದಂಟನ್ನು ಮೆಲ್ಲುತ್ತ ಹುಡುಗರು ಗೋಡೆಯ ಮುಂದೆ ಗುಂಪುಗೂಡಿದರು. ಉತ್ತರಾಪಥದ ಚಕ್ರವರ್ತಿ ಹರ್ಷವರ್ಧನನನ್ನು ನಮ್ಮ ಇಮ್ಮಡಿ ಪುಲಿಕೇಶಿ ಹಿಮ್ಮೆಟ್ಟಿಸಿದ ಸಂಗತಿಯನ್ನೂ, ಆ ಅರಸನ ಹೆಸರಿನ ಅರ್ಥವನ್ನೇ ಹಿಡಿದು ರವಿಕೀರ್ತಿ ಮಾಡಿದ ಶ್ಲೇಷೆಯನ್ನೂ ನಾನು ಉತ್ಸಾಹದಿಂದ ವಿವರಿಸಿದೆ. ಹರ್ಷನ ಹರ್ಷವು ಭಯದಿಂದ ಕರಗಿತೆಂಬ ಭಾವವನ್ನು ಕೇಳಿ ಹುಡುಗರು ಚಪ್ಪಾಳೆ ತಟ್ಟಿದರು. ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗ, “ಸರ್, ಹರ್ಷ ತಾನು ಸೋತೀನಂತ ಎಲ್ಲ್ಯಾರ ಬರೆಸ್ಯಾನೇನ್ರಿ?” ಎಂದು ಕೇಳಿದ. ಉಳಿದವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅಷ್ಟು ವರ್ಷ ಪಾಠ ಹೇಳಿದರೂ ಆ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ.

ಹರ್ಷನು ಬರೆಸಿಲ್ಲ. ಅವನ ಆಸ್ಥಾನದ ಬಾಣಭಟ್ಟನು ‘ಹರ್ಷಚರಿತ’ವನ್ನು ಬರೆದನಾದರೂ ಆ ಗ್ರಂಥವು ಹರ್ಷನ ಆಳ್ವಿಕೆಯ ಆರಂಭದ ಭಾಗದಲ್ಲಿಯೇ ನಿಂತುಹೋಗುತ್ತದೆ; ಪುಲಿಕೇಶಿಯ ಸುದ್ದಿ ಅದರಲ್ಲಿಲ್ಲ. ಬಾಂಸ್‌ಖೇಡಾ ಮತ್ತು ಮಧುಬನ ಎಂಬಲ್ಲಿ ದೊರೆತ ಹರ್ಷನ ತಾಮ್ರಪಟಗಳು ಅವನ ವಂಶವನ್ನೂ ಅಣ್ಣ ರಾಜ್ಯವರ್ಧನನ ಮರಣವನ್ನೂ ಹೇಳುತ್ತವೆ. ದಕ್ಷಿಣದ ದಂಡಯಾತ್ರೆಯನ್ನು ಹೇಳುವುದಿಲ್ಲ. ಹಾಗಾದರೆ ರವಿಕೀರ್ತಿಯ ಮಾತನ್ನು ನಾವು ಏತಕ್ಕೆ ನಂಬಬೇಕು? ತನ್ನ ಅನ್ನದಾತನನ್ನು ಹೊಗಳಲೆಂದೇ ಪದ್ಯ ಕಟ್ಟಿದ ಕವಿಯಲ್ಲವೇ ಅವನು?

ಇಲ್ಲಿ ನಮ್ಮ ನೆರವಿಗೆ ಬರುವವನು ಇಬ್ಬರಿಗೂ ಸೇರದ ಮೂರನೆಯವನು. ಚೀನದ ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಹರ್ಷನಿಂದ ಬಹಳ ಮನ್ನಣೆ ಪಡೆದವನು; ಹರ್ಷನನ್ನು ತೆಗಳಬೇಕಾದ ಕಾರಣ ಅವನಿಗಿರಲಿಲ್ಲ. ಕ್ರಿ.ಶ. 641ರ ಸುಮಾರಿಗೆ ಪುಲಿಕೇಶಿಯ ರಾಜ್ಯದಲ್ಲಿ ಸಂಚರಿಸಿದ ಅವನು, ಪೂರ್ವ ಪಶ್ಚಿಮಗಳನ್ನು ಜಯಿಸಿದ ಶೀಲಾದಿತ್ಯನಿಗೆ ಈ ನಾಡಿನ ಜನ ಮಾತ್ರ ತಲೆಬಾಗಲಿಲ್ಲವೆಂದೂ, ಅವನು ತಾನೇ ಸೈನ್ಯದ ಮುಂದೆ ನಿಂತು ಬಂದರೂ ಗೆಲ್ಲಲಿಲ್ಲವೆಂದೂ ಬರೆದಿದ್ದಾನೆ. ಶೀಲಾದಿತ್ಯನೆಂದರೆ ಹರ್ಷನೇ. ಸೋತು ಬಂದ ಸೇನಾಪತಿಗೆ ಇಲ್ಲಿನ ಅರಸ ಬೇರೆ ದಂಡನೆ ವಿಧಿಸದೆ ಹೆಂಗಸರ ಉಡುಗೆಯನ್ನು ಕೊಡಿಸುತ್ತಿದ್ದನೆಂದೂ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದರೆಂದೂ ಅವನು ಹೇಳುತ್ತಾನೆ. ಹೊಗಳುಭಟನೊಬ್ಬ ಹೇಳಿದ್ದನ್ನು ಎದುರಾಳಿಯ ಅತಿಥಿಯೂ ಹೇಳಿದಾಗ ಅದು ಬರಿಯ ಹೊಗಳಿಕೆಯಾಗಿ ಉಳಿಯುವುದಿಲ್ಲ.

ಹರ್ಷನು ಹಿಮ್ಮೆಟ್ಟಿದ್ದು ನಿಜ, ಆದರೆ ಯಾವಾಗ? ಈ ಪ್ರಶ್ನೆ ವಿದ್ವಾಂಸರನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಕಾಡಿತು. 1870ರ ದಶಕದಲ್ಲಿ ಐಹೊಳೆಯ ಶಾಸನವನ್ನು ಓದಿ ಪ್ರಕಟಿಸಿದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ, ಆ ಕದನ 612ಕ್ಕಿಂತ ಮೊದಲೇ ನಡೆದಿರಬೇಕೆಂದು ತರ್ಕಿಸಿದ. ಅವನ ತರ್ಕಕ್ಕೆ ಆಧಾರವಿಲ್ಲದಿರಲಿಲ್ಲ. ಹರ್ಷನನ್ನು ಸೋಲಿಸಿ ಪುಲಿಕೇಶಿ ‘ಪರಮೇಶ್ವರ’ನೆಂಬ ಬಿರುದು ಪಡೆದನೆಂದು ಮುಂದಿನ ಚಾಲುಕ್ಯ ಶಾಸನಗಳು ಹೇಳುತ್ತವೆ. 612-13ರ ಹೈದರಾಬಾದ್ ತಾಮ್ರಪಟದಲ್ಲಿ ಆ ಬಿರುದು ಆಗಲೇ ಕಾಣಿಸಿಕೊಂಡಿದೆ. ಆದ್ದರಿಂದ ಕದನವೂ ಅದಕ್ಕೆ ಮುಂಚಿನದು. ಕೇಳಲು ಸರಿಯೆನಿಸುತ್ತದೆ.

ಮುಂದೆ ಬಂದ ವಿದ್ವಾಂಸರಿಗೆ ಅದು ಸರಿಯೆನಿಸಲಿಲ್ಲ. 606ರಲ್ಲಿ ಪಟ್ಟಕ್ಕೆ ಬಂದ ಹರ್ಷನು ಆರು ವರ್ಷಗಳಲ್ಲಿ ಉತ್ತರವನ್ನೆಲ್ಲ ಸರಿಪಡಿಸಿಕೊಂಡು ದಕ್ಷಿಣಕ್ಕೆ ತಿರುಗಿದನೆಂಬುದು ಅವರಿಗೆ ನಂಬಲು ಕಷ್ಟವಾಯಿತು. ನಾಸಿಕ ಜಿಲ್ಲೆಯ ಲೋಹನೇರಿನಲ್ಲಿ ಪುಲಿಕೇಶಿಯ 630ರ ತಾಮ್ರಪಟವೊಂದು ದೊರೆತಾಗ ಅವರ ಪಕ್ಷಕ್ಕೆ ಬಲ ಬಂದಿತು. ಏಕೆಂದರೆ ಅದರಲ್ಲಿ ಹರ್ಷನ ಹೆಸರೇ ಇಲ್ಲ. ಅಷ್ಟು ದೊಡ್ಡ ಜಯವನ್ನು ಗಳಿಸಿದ ಅರಸ ಅದನ್ನು ಬರೆಸದೆ ಬಿಡುವನೇ? 630ರಲ್ಲಿ ಇಲ್ಲ, 634ರಲ್ಲಿ ಇದೆ. ಆದಕಾರಣ ಕದನ ಈ ನಾಲ್ಕು ವರ್ಷಗಳ ನಡುವೆ ನಡೆಯಿತು. ನಾನು ವಿದ್ಯಾರ್ಥಿಯಾಗಿದ್ದಾಗ ಕಂಠಪಾಠ ಮಾಡಿದ್ದೂ, ಅಧ್ಯಾಪಕನಾಗಿ ಕಪ್ಪುಹಲಗೆಯ ಮೇಲೆ ಬರೆದದ್ದೂ ಈ ತೇದಿಯನ್ನೇ.

2016ರ ಸುಮಾರಿಗೆ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಶ್ರೀನಂದ ಬಾಪಟ ಮತ್ತು ಪ್ರದೀಪ ಸೋಹೋನಿ ಎಂಬ ವಿದ್ವಾಂಸರು ಪುಲಿಕೇಶಿಯ ಇನ್ನೊಂದು ತಾಮ್ರಪಟವನ್ನು ಓದಿದರು. ಅದು ಭೂದಾನದ ಪತ್ರ. ಅದರ ಕಾಲ ಕ್ರಿ.ಶ. 619ರ ಏಪ್ರಿಲ್. ಅದರಲ್ಲಿ ಹರ್ಷನ ಸೋಲಿನ ಮಾತು ಸ್ಪಷ್ಟವಾಗಿದೆ! ಹಾಗಾಗಿ ಕದನವು 618-19ರ ಚಳಿಗಾಲದಲ್ಲಿ ನಡೆದಿರಬೇಕೆಂದು ಅವರು ನಿರ್ಣಯಿಸಿದರು. ಫ್ಲೀಟನ ಊಹೆಯೂ ನಿಲ್ಲಲಿಲ್ಲ. ಅವನನ್ನು ತಿದ್ದಿದವರ ಊಹೆಯೂ ನಿಲ್ಲಲಿಲ್ಲ.

ಈ ವಾದದಲ್ಲಿ ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಲೋಹನೇರಿನ ತಾಮ್ರಪಟ ಸುಳ್ಳು ಹೇಳಿರಲಿಲ್ಲ. ಅದು ಸುಮ್ಮನಿತ್ತು, ಅಷ್ಟೆ. ಆ ಮೌನಕ್ಕೆ ನಾವು ಒಂದು ಅರ್ಥ ಹಚ್ಚಿದೆವು. ತಾಮ್ರಪಟವೆಂದರೆ ಇಂದಿನ ಖರೀದಿಪತ್ರವಿದ್ದಂತೆ. ಯಾವ ಊರಿನ ಎಷ್ಟು ಭೂಮಿಯನ್ನು ಯಾರಿಗೆ ಕೊಟ್ಟರೆಂಬುದು ಅದರ ಮುಖ್ಯ ವಿಷಯ. ಅರಸನ ಪರಾಕ್ರಮವನ್ನು ಎಷ್ಟು ಸೇರಿಸಬೇಕೆಂಬುದು ಬರೆಯುವ ಕರಣಿಕನ ಅಭಿರುಚಿಗೂ ತಗಡಿನ ಅಳತೆಗೂ ಬಿಟ್ಟ ಮಾತು. ಜಮೀನಿನ ಕಾಗದದಲ್ಲಿ ಮಗಳ ಮದುವೆಯ ಸುದ್ದಿ ಇಲ್ಲವೆಂದ ಮಾತ್ರಕ್ಕೆ ಆ ಮದುವೆಯೇ ಆಗಿಲ್ಲವೆಂದು ಯಾರೂ ಹೇಳುವುದಿಲ್ಲ.

ಹಾಗೆಂದು ಎಲ್ಲ ಮೌನಗಳೂ ಒಂದೇ ತೆರನಲ್ಲ. ಇದಕ್ಕಾಗಿ ನಾವು ಐಹೊಳೆಯಿಂದ ಬಾದಾಮಿಗೆ ಹೋಗಬೇಕು.

ರವಿಕೀರ್ತಿಯ ಕಾವ್ಯದಲ್ಲಿ ಪಲ್ಲವರ ಅರಸನು ಪುಲಿಕೇಶಿಯ ಸೇನೆಯ ಧೂಳಿಗೆ ಮಸುಕಾಗಿ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿಕೊಳ್ಳುತ್ತಾನೆ. ಪಲ್ಲವರ ಕಾಶಾಕುಡಿ ತಾಮ್ರಪಟವನ್ನು ತೆರೆದರೆ ಅದೇ ಕಾಲದ ಮಹೇಂದ್ರವರ್ಮನು ಪುಲ್ಲಲೂರಿನಲ್ಲಿ ಪ್ರಬಲ ಶತ್ರುಗಳನ್ನು ನಾಶಮಾಡಿದನೆಂದಿದೆ. ಶತ್ರುವಿನ ಹೆಸರನ್ನು ಮಾತ್ರ ಅದು ಹೇಳುವುದಿಲ್ಲ. ಇಬ್ಬರೂ ಗೆದ್ದರೆ ಸೋತವರು ಯಾರು? ಪುಲ್ಲಲೂರು ಕಂಚಿಗೆ ಸಮೀಪದ ಊರು. ಚಾಲುಕ್ಯ ಸೈನ್ಯ ಅಷ್ಟು ದೂರ ನುಗ್ಗಿದ್ದೂ ನಿಜ, ರಾಜಧಾನಿಯನ್ನು ಹಿಡಿಯಲಾರದೆ ಹಿಂದಿರುಗಿದ್ದೂ ನಿಜ ಎಂದು ಎರಡೂ ಕಡೆಯ ಮಾತನ್ನು ಕೂಡಿಸಿ ಓದುವುದೇ ನ್ಯಾಯವೆಂದು ನನಗೆ ತೋರುತ್ತದೆ.

ಮಹೇಂದ್ರವರ್ಮನ ಮಗ ನರಸಿಂಹವರ್ಮನ ಕಾಲಕ್ಕೆ ತಕ್ಕಡಿ ಒಂದೇ ಕಡೆಗೆ ವಾಲಿತು. ಪಲ್ಲವರ ಕೂರಂ ತಾಮ್ರಪಟವು ಪರಿಯಲ, ಮಣಿಮಂಗಲ, ಶೂರಮಾರ ಎಂಬ ಮೂರು ಕದನಗಳನ್ನು ಹೆಸರಿಸಿ, ಓಡುತ್ತಿದ್ದ ಪುಲಿಕೇಶಿಯ ಬೆನ್ನನ್ನೇ ತಗಡಾಗಿ ಮಾಡಿಕೊಂಡು ನರಸಿಂಹವರ್ಮನು ಅದರ ಮೇಲೆ ವಿಜಯದ ಅಕ್ಷರಗಳನ್ನು ಬರೆದನೆಂದು ಹೇಳುತ್ತದೆ. ಕನ್ನಡಿಗರಿಗೆ ಇದನ್ನು ಓದುವಾಗ ಮುಖ ಬಾಡುವುದು ಸಹಜ. ಇದೂ ಹೊಗಳುಭಟರ ಮಾತೆಂದು ತಳ್ಳಿಹಾಕೋಣವೆಂದರೆ ಬಾದಾಮಿಯ ಬಂಡೆ ಬಿಡುವುದಿಲ್ಲ. ನಮ್ಮ ಬಾದಾಮಿಯಲ್ಲಿಯೇ, ಚಾಲುಕ್ಯರ ರಾಜಧಾನಿಯ ನಡುವೆಯೇ, ನರಸಿಂಹವರ್ಮನ ಆಳ್ವಿಕೆಯ ಹದಿಮೂರನೆಯ ವರ್ಷದ ಶಾಸನವೊಂದು ಬಂಡೆಯ ಮೇಲಿದೆ. ಅಕ್ಷರಗಳು ಬಹಳ ಸವೆದಿವೆ. ಆದರೂ ಶತ್ರುವಿನ ಊರಿನ ಬಂಡೆಯ ಮೇಲೆ ತನ್ನ ವರ್ಷವನ್ನು ಕೊರೆಸಬೇಕಾದರೆ ಆ ಊರು ಕೈವಶವಾಗಿರಲೇಬೇಕು. ವಾತಾಪಿಯ ಪತನಕ್ಕೆ ನಾವು ಕೊಡುವ 642 ಎಂಬ ವರ್ಷ ಈ ಶಾಸನದಿಂದಲೇ ಎಣಿಸಿ ಪಡೆದದ್ದು. ನರಸಿಂಹವರ್ಮನು ‘ವಾತಾಪಿಕೊಂಡ’ನೆಂಬ ಬಿರುದನ್ನೂ ಧರಿಸಿದ. ಹ್ಯೂಯೆನ್‌ತ್ಸಾಂಗನು ವೈಭವದಲ್ಲಿ ಕಂಡ ರಾಜ್ಯವು ಅವನು ಬಂದುಹೋದ ಒಂದೆರಡು ವರ್ಷಗಳಲ್ಲಿಯೇ ಕುಸಿದಿತ್ತು.

ಚಾಲುಕ್ಯರು ಈ ಸೋಲನ್ನು ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. 655ರಲ್ಲಿ ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಕಟ್ಟಿದ. ಅವನ ತಾಮ್ರಪಟಗಳಲ್ಲಿ, ಮೂವರು ಅರಸರಿಂದ ಮರೆಯಾಗಿದ್ದ ತಂದೆಯ ರಾಜ್ಯಲಕ್ಷ್ಮಿಯನ್ನು ಅವನು ಮರಳಿ ಪಡೆದನೆಂದೂ, ನಿಂತುಹೋಗಿದ್ದ ದೇವಾಲಯಗಳ ಮತ್ತು ಬ್ರಾಹ್ಮಣರ ದತ್ತಿಗಳನ್ನು ಮತ್ತೆ ನಡೆಸಿದನೆಂದೂ ಇದೆ. ಮಾತು ಇಷ್ಟೇ. ಊರು ಬಿದ್ದದ್ದನ್ನು ಹೇಳದೆಯೇ, ಎತ್ತಿ ನಿಲ್ಲಿಸಿದ್ದನ್ನು ಹೇಳುವ ಜಾಣ್ಮೆ ಇದು. ಲೋಹನೇರಿನ ಮೌನವನ್ನು ಬೇರೆ ಯಾವ ಸಾಕ್ಷಿಯೂ ತುಂಬಿರಲಿಲ್ಲ. ಅದನ್ನು ನಂಬಿದವರು ಮೋಸಹೋದರು. ಈ ಹದಿಮೂರು ವರ್ಷಗಳ ಮೌನವನ್ನಾದರೋ ಶತ್ರುವಿನ ಬಂಡೆ, ಶತ್ರುವಿನ ತಾಮ್ರಪಟ, ಮಗನ ಅರ್ಧ ಮಾತು ಮೂರೂ ಕೂಡಿ ತುಂಬುತ್ತವೆ.

ಪುಲಿಕೇಶಿಯು ಆ ಯುದ್ಧದಲ್ಲಿಯೇ ವೀರಮರಣವನ್ನಪ್ಪಿದನೆಂದು ನಮ್ಮ ಎಷ್ಟೋ ಪುಸ್ತಕಗಳಲ್ಲಿದೆ. ಯಾವ ಶಾಸನವೂ ಅವನ ಮರಣವನ್ನು ಹೇಳುವುದಿಲ್ಲ, ಅದು ಊಹೆ. ಬಲವಾದ ಊಹೆಯೇ ಇರಬಹುದು, ಆದರೂ ಊಹೆ. ಜನರ ಮನಸ್ಸು ಮಾತ್ರ ಊಹೆಗಳಿಂದ ತೃಪ್ತಿಪಡುವುದಿಲ್ಲ. ತಮಿಳಿನ ‘ಕಲ್ಕಿ’ಯವರು ‘ಶಿವಕಾಮಿಯ ಶಪಥ’ವೆಂಬ ಕಾದಂಬರಿಯಲ್ಲಿ ವಾತಾಪಿಯ ನಾಶವನ್ನು ಪಲ್ಲವರ ಪಕ್ಷದಿಂದ ಹೇಳಿದರೆ, 1967ರಲ್ಲಿ ರಾಜಕುಮಾರರು ಅಭಿನಯಿಸಿದ ‘ಇಮ್ಮಡಿ ಪುಲಿಕೇಶಿ’ ಚಲನಚಿತ್ರ ನಮ್ಮ ಪಕ್ಷದಿಂದ ಹೇಳಿತು. ಒಬ್ಬನೇ ಅರಸ ಒಂದೂರಿನಲ್ಲಿ ಖಳನಾಗಿ ಇನ್ನೊಂದೂರಿನಲ್ಲಿ ನಾಯಕನಾಗುವುದಕ್ಕೆ ಹೆಚ್ಚು ದೂರ ಹೋಗಬೇಕಿಲ್ಲ.

ವಾತಾಪಿಯ ಸೇಡನ್ನು ಕಂಚಿಯಲ್ಲಿ ತೀರಿಸಿಕೊಂಡರೇ? ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ ದೇವಾಲಯವೆಂದು ಅಲ್ಲಿಯ ಶಾಸನ ಹೇಳುತ್ತದೆ. ಗೆದ್ದ ಅರಸ ಕಂಚಿಯನ್ನು ಸುಡಲಿಲ್ಲ. ಅಲ್ಲಿಯ ರಾಜಸಿಂಹೇಶ್ವರನ ಸಂಪತ್ತನ್ನು ನೋಡಿ ದೇವರಿಗೇ ಮರಳಿ ಒಪ್ಪಿಸಿದನೆಂದು ಚಾಲುಕ್ಯರ ದಾಖಲೆಗಳಲ್ಲಿದೆ. ಇದೂ ಗೆದ್ದವರದೇ ಮಾತಲ್ಲವೇ ಎಂದು ಆ ಹುಡುಗ ಕೇಳಿಯಾನು. ಕೇಳಬೇಕಾದದ್ದೇ. ಇಲ್ಲಿಯ ಸಾಕ್ಷಿ ಮಾತ್ರ ಸೋತವರ ಮನೆಯಲ್ಲಿಯೇ ಇದೆ. ಕೈಲಾಸನಾಥವೆಂದು ನಾವಿಂದು ಕರೆಯುವ ಕಂಚಿಯ ಆ ದೇವಾಲಯದ ಕಂಬದ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಗುಡಿ ಹಾಳಾಗದೆ ನಿಂತಿದೆ. ಚಾಲುಕ್ಯರು ಹಿಂದಿರುಗಿದ ಮೇಲೆ ಕಂಚಿ ಮತ್ತೆ ಪಲ್ಲವರ ಕೈಗೆ ಬಂದಿತು. ಆಗಲಾದರೂ ಆ ಕನ್ನಡ ಅಕ್ಷರಗಳನ್ನು ಕೆತ್ತಿ ಅಳಿಸಿಬಿಡಬಹುದಾಗಿತ್ತು. ಅವರು ಅಳಿಸಲಿಲ್ಲ.

ಈ ಪ್ರದೇಶದ ಇನ್ನೊಂದು ವಾದ ಎಂಟುನೂರು ವರ್ಷಗಳಷ್ಟು ಈಚಿನದು. ವಿಜಯನಗರದ ಅಳಿಯ ರಾಮರಾಯನು ದಕ್ಷಿಣದ ಸುಲ್ತಾನರ ಕೂಟಕ್ಕೆ ಸೋತು ಮಡಿದ 1565ರ ಜನವರಿಯ ಕದನವನ್ನು ನಾವು ತಾಳಿಕೋಟೆಯ ಕದನವೆಂದು ಕರೆಯುತ್ತೇವೆ. ತಾಳಿಕೋಟೆ ಕೃಷ್ಣಾ ನದಿಯ ಉತ್ತರಕ್ಕೆ ಹಲವು ಹರದಾರಿಗಳ ದೂರದಲ್ಲಿದೆ. ಅಲ್ಲಿ ಸುಲ್ತಾನರ ಸೇನೆ ಕೂಡಿಕೊಂಡಿತ್ತು, ಅಷ್ಟೆ. ಕದನ ನಡೆದದ್ದು ನದಿಯನ್ನು ದಾಟಿದ ಮೇಲೆಂದು ಹೆಚ್ಚಿನವರ ಅಭಿಪ್ರಾಯ. ಆದ್ದರಿಂದ ಹುನಗುಂದ ತಾಲ್ಲೂಕಿನ ರಕ್ಕಸಗಿಯನ್ನೂ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯನ್ನೂ ಸೇರಿಸಿ ರಕ್ಕಸತಂಗಡಿಯ ಕದನವೆಂದು ಕೆಲವರೂ, ಬನ್ನಿಹಟ್ಟಿಯ ಕದನವೆಂದು ಕೆಲವರೂ ಕರೆಯುತ್ತಾರೆ. ಲಕ್ಷಾಂತರ ಜನ ಸೇರಿ ಹೋರಾಡಿದರೆನ್ನುವ ಬಯಲಿನ ಗುರುತೇ ನಮಗೆ ನಿಶ್ಚಯವಾಗಿಲ್ಲ!

ಸೋಲಿನ ಕಾರಣದ ಬಗೆಗೂ ಒಮ್ಮತವಿಲ್ಲ. ಎರಡು ವರ್ಷಗಳ ತರುವಾಯ ವಿಜಯನಗರಕ್ಕೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕನು, ರಾಮರಾಯನ ಸೇವೆಯಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ರಣರಂಗದಲ್ಲಿ ತಿರುಗಿಬಿದ್ದುದೇ ಕಾರಣವೆಂದು ಬರೆದ. ಬಿಜಾಪುರದ ಆಸ್ಥಾನದಲ್ಲಿದ್ದು ಮುಂದೆ ಇತಿಹಾಸ ಬರೆದ ಫೆರಿಷ್ತನು ಆ ದ್ರೋಹದ ಸುದ್ದಿಯನ್ನೇ ಎತ್ತದೆ, ನಿಜಾಮಶಾಹಿಯ ಫಿರಂಗಿಗಳನ್ನೂ ಅವುಗಳಲ್ಲಿ ತಾಮ್ರದ ನಾಣ್ಯಗಳನ್ನು ತುಂಬಿ ಹೊಡೆದುದನ್ನೂ ವರ್ಣಿಸುತ್ತಾನೆ. ಸೋತ ಊರಿನಲ್ಲಿ ದ್ರೋಹದ ಕಥೆ ಹುಟ್ಟುವುದು ಸಹಜ. ಗೆದ್ದ ಆಸ್ಥಾನದಲ್ಲಿ ಅದು ಅಡಗುವುದೂ ಅಷ್ಟೇ ಸಹಜ. ಇಬ್ಬರಲ್ಲಿ ಒಬ್ಬನೂ ಕದನವನ್ನು ಕಣ್ಣಾರೆ ಕಂಡವನಲ್ಲ. ಇಲ್ಲಿ ಬಾದಾಮಿಯ ಬಂಡೆಯಂತಹ ಮೂರನೆಯ ಸಾಕ್ಷಿ ನಮಗಿಲ್ಲವಾದ್ದರಿಂದ, ಯಾವುದೋ ಒಂದು ಕಥೆಯನ್ನು ಹಿಡಿದು ಇಂದಿನ ನೆರೆಹೊರೆಯವರ ಮೇಲೆ ಕೋಪಗೊಳ್ಳುವವರನ್ನು ಕಂಡರೆ ನನಗೆ ವ್ಯಥೆಯಾಗುತ್ತದೆ.

ಬಾದಾಮಿಯ ಕೋಟೆ ಮುಂದೆಯೂ ಮುತ್ತಿಗೆಗಳನ್ನು ಕಂಡಿತು. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಟಿಪ್ಪುವಿನಿಂದ ಅದನ್ನು ಕಿತ್ತುಕೊಂಡರು. 1818ರಲ್ಲಿ ಮನ್ರೋ ಅದನ್ನು ಬ್ರಿಟಿಷರ ವಶಕ್ಕೆ ತಂದ. ಇವುಗಳಿಗೆ ಲಿಖಿತ ದಾಖಲೆಗಳು ಸಾಕಷ್ಟಿರುವುದರಿಂದ ವಾದಕ್ಕೆ ಅವಕಾಶ ಕಡಿಮೆ.

ಆ ದಿನ ಐಹೊಳೆಯಿಂದ ಬಾಗಲಕೋಟೆಯ ದಾರಿ ಹಿಡಿದಾಗ ಅದೇ ಹುಡುಗ ನನ್ನ ಪಕ್ಕದಲ್ಲಿ ಬಂದು ಕುಳಿತ. “ಸರ್, ಆ ಕಲ್ಲಿನ್ಯಾಗ ಬರೇ ರಾಜರ ಹೆಸರs ಅದಾವಲ್ರಿ, ಬಡಿದಾಡಿದವರದು ಒಂದೂ ಇಲ್ಲಲ್ರಿ?” ಎಂದ. ಹೌದು, ಮೂವತ್ತೇಳು ಪದ್ಯಗಳಲ್ಲಿ ಒಬ್ಬ ಕಾಲಾಳಿನ ಹೆಸರೂ ಇಲ್ಲ. ಹರ್ಷನ ಆನೆಗಳು ಬಿದ್ದ ಭೀಕರತೆಯನ್ನು ಹೇಳುವ ಕವಿಗೆ, ಆ ಆನೆಗಳ ಎದುರು ನಿಂತವರ ಹೆಸರು ಬೇಕಾಗಲಿಲ್ಲ.

ನಾನು ಅವನಿಗೆ ಹಲಗಲಿಯ ಕಥೆ ಹೇಳಿದೆ. ಮುಧೋಳ ತಾಲ್ಲೂಕಿನ ಆ ಊರು ಬಾಗಲಕೋಟೆಗೆ ದೂರವಿಲ್ಲ. 1857ರಲ್ಲಿ ಬ್ರಿಟಿಷ್ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದಾಗ ಹಲಗಲಿಯ ಬೇಡರು ಆಯುಧ ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಸರಕಾರದ ಕಾಗದಗಳಲ್ಲಿ ಅದು ದಂಗೆ. ನಮ್ಮವರ ಬಾಯಲ್ಲಿ ಅದು ಸ್ವಾತಂತ್ರ್ಯದ ಹೋರಾಟ. ಬೇಡರು ಹೋರಾಡಿದ್ದು ದೇಶಕ್ಕಾಗಿಯೋ, ಬೇಟೆಯನ್ನೂ ಮಾನವನ್ನೂ ಕಾಯುತ್ತಿದ್ದ ತಮ್ಮ ಆಯುಧಗಳಿಗಾಗಿಯೋ ಎಂದು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ. ಅವೆರಡನ್ನೂ ಅವರು ಬೇರೆಬೇರೆಯಾಗಿ ಕಂಡಿದ್ದರೆಂದು ನನಗೆ ತೋರುವುದಿಲ್ಲ.

ಬೇಡರಿಗೆ ಕಲ್ಲು ಕೊರೆಸುವ ಶಕ್ತಿ ಇರಲಿಲ್ಲ. ಅವರ ಕಥೆ ಲಾವಣಿಯಾಗಿ ಊರಿಂದೂರಿಗೆ ಹರಿಯಿತು. 1880ರ ದಶಕದಲ್ಲಿ ಆ ಲಾವಣಿಯನ್ನು ಸಂಗ್ರಹಿಸಿ, ಇಂಗ್ಲಿಷಿಗೆ ಅನುವಾದಿಸಿ, ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದವನು ಅದೇ ಫ್ಲೀಟ್. ಅದಕ್ಕೂ ಮೊದಲು ಅದೇ ಪತ್ರಿಕೆಯಲ್ಲಿ ರವಿಕೀರ್ತಿಯ ಶಾಸನವನ್ನು ಪ್ರಕಟಿಸಿದ್ದವನು. ಹಲಗಲಿಯನ್ನು ಸುಟ್ಟ ಸರಕಾರದ ಸಂಬಳವನ್ನೇ ಅವನು ಉಣ್ಣುತ್ತಿದ್ದ.

“ಅದರಾಗ ಹೆಸರು ಅದಾವೇನ್ರಿ?” ಎಂದು ಹುಡುಗ ಕೇಳಿದ.

“ಅದಾವು” ಎಂದೆ. ಜಡಗ, ಬಾಲ, ಹನುಮ, ರಾಮ. ಅವನು ಚೀಲದಿಂದ ನೋಟುಪುಸ್ತಕವನ್ನು ತೆಗೆದು, ಪುಲಿಕೇಶಿಯ ವರ್ಷಗಳನ್ನು ಬರೆದುಕೊಂಡಿದ್ದ ಪುಟದ ಕೆಳಗೆ ಆ ನಾಲ್ಕು ಹೆಸರುಗಳನ್ನೂ ಬರೆದುಕೊಂಡ.